ಸೋತವರ ತಪ್ಪಲೆ

1

ಎಲ್ಲಿಂದ ಶುರು ಮಾಡುವುದು? ಅಮೆರಿಕದಿಂದ ಶುರು ಮಾಡಿದರೆ ಕಥೆಗೆ ಒಂದು ತೂಕ ಬರುತ್ತದೆ ಎಂದುಕೊಂಡು ಒಂದು ಪುಟ ಬರೆದೂ ಇದ್ದೆ. ಅಲ್ಲಿಯ ಕಾಲೇಜು ಫುಟ್‌ಬಾಲ್ ತಂಡಗಳು ತಲೆಮಾರುಗಳಿಂದ ಆಡುತ್ತಿದ್ದ ಕಾನ್ಫರೆನ್ಸ್, ಅಂದರೆ ತಂಡಗಳ ಕೂಟ, ಬಿಟ್ಟು, ಟಿವಿಯವರು ಹೆಚ್ಚು ಕೊಡುವ ಕಾನ್ಫರೆನ್ಸಿಗೆ ಹಾರುತ್ತಿವೆ. ಹೆಸರಿನಲ್ಲಿ ಹತ್ತು ಎಂದಿರುವ ಕೂಟದಲ್ಲಿ ಹದಿನೆಂಟು ತಂಡಗಳಿವೆ. ಪೆಸಿಫಿಕ್ ದಂಡೆಯ ಕಾಲೇಜೊಂದು ಅಟ್ಲಾಂಟಿಕ್ ಹೆಸರಿನ ಕೂಟದಲ್ಲಿ ಆಡುತ್ತಿದೆ. ಇತ್ಯಾದಿ.

ಇದನ್ನು ಓದಿದ ಗ್ರೇಸ್ (ನನ್ನ ಹೆಂಡತಿ, ನನ್ನ ಮೊದಲ ಓದುಗಾರ್ತಿ, ಎಷ್ಟೋ ಸಲ ಕೊನೆಯವಳೂ) "ನೀವು ಅಮೆರಿಕ ನೋಡಿದ್ದುಂಟಾ?" ಎಂದು ಕೇಳಿದಳು. ಪುಟವನ್ನು ಹರಿದು ಬಿಸಾಡಿದೆ. ಕಾಗದದ ಕಸದ ಡಬ್ಬಿಗೆ, ಅದೂ ಕಾಗದ ಒಯ್ಯುವ ವಾರವೇ. ನಾವಿರುವ ಜರ್ಮನಿಯಲ್ಲಿ ಕೆಟ್ಟ ಕಥೆ ಬರೆದರೆ ಯಾರೂ ಕೇಳುವುದಿಲ್ಲ, ತಪ್ಪು ಡಬ್ಬಿಗೆ ಹಾಕಿದರೆ ಪಕ್ಕದ ಮನೆಯವರು ಬಂದು ಕೇಳುತ್ತಾರೆ.

1 (ಮತ್ತೊಮ್ಮೆ)

ತಪ್ಪಲೆಯಿಂದ ಶುರು ಮಾಡೋಣ.

ಅಲ್ಯೂಮಿನಿಯಂ ತಪ್ಪಲೆ, ಮೂವತ್ತು ಜನರ ಕೋಳಿಸಾರು ಹಿಡಿಯುವಂಥದ್ದು. ಅದನ್ನು ಉಡುಪಿಯಿಂದ ಕಾರ್ಲ್ಸ್‌ರುಹೆಗೆ ತಂದವನು ದೇವದಾಸ್. ಒಳಗೆ ಬಟ್ಟೆ ತುಂಬಿ, ಮೇಲೆ ಬೆಡ್‌ಶೀಟ್ ಕಟ್ಟಿ, ವಿಮಾನದಲ್ಲಿ ಲಗೇಜಿಗೆ ಹಾಕಿದ. ಎಂಎಸ್ ಮಾಡಲು ಬಂದವನು ಈಗ ಪಿಎಚ್‌ಡಿ ಮಾಡುತ್ತಿದ್ದಾನೆ. ಯಾವಾಗ ಮುಗಿಯುತ್ತದೆ ಎಂದು ಅವನನ್ನು ಕೇಳುವುದನ್ನು ನಾವೆಲ್ಲ ಬಿಟ್ಟಿದ್ದೇವೆ. ರೈನ್ ನದಿಯ ಆಸುಪಾಸಿನ ಊರುಗಳಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರನ್ನು ಸೇರಿಸಿ ರೈನ್ ಕಾಲೇಜು ಕಾನ್ಫರೆನ್ಸ್ ಎಂದು ಫುಟ್‌ಬಾಲ್ ಶುರು ಮಾಡಿದವನೂ ಅವನೇ. (ನಮ್ಮದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್. ಅಮೆರಿಕದವರದ್ದು ಕಂಕುಳಲ್ಲಿಟ್ಟು ಓಡುವಂಥದ್ದು. ಜಗಳ ಮಾತ್ರ ಎರಡಕ್ಕೂ ಒಂದೇ.)

ಸೀಸನ್ನಿನ ಕೊನೆಯ ಆಟ ಯಾವಾಗಲೂ ಕಾರ್ಲ್ಸ್‌ರುಹೆ ಮತ್ತು ಸೇಂಟ್ ಲಿಯೋನ್-ರೋಟ್ ನಡುವೆ, ಜೂನ್ ತಿಂಗಳ ಕೊನೆಯ ಭಾನುವಾರ. ಸೇಂಟ್ ಲಿಯೋನ್-ರೋಟ್‌ನಲ್ಲಿ ಕಾಲೇಜಿಲ್ಲ, ಸಾಫ್ಟ್‌ವೇರ್ ಕಂಪನಿಯಿದೆ. ಆ ತಂಡದವರೆಲ್ಲ ಕಾರ್ಲ್ಸ್‌ರುಹೆಯಲ್ಲಿ ಓದಿ, ಕೆಲಸ ಸಿಕ್ಕಿ, ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಪಡೆದು, ಎಸ್-ಬಾನ್ ಲೋಕಲ್ ರೈಲು ಹತ್ತಿ ಆ ಕಡೆ ಹೋದವರು. ಹಳೇ ವಿದ್ಯಾರ್ಥಿಗಳೂ ಕಾಲೇಜಿನವರೇ ಎಂದು ದೇವದಾಸ್ ಅವರನ್ನು ಸೇರಿಸಿಕೊಂಡಿದ್ದ.

ಈ ಆಟಕ್ಕೆ ಕಪ್ ಇಲ್ಲ, ತಪ್ಪಲೆ ಇದೆ. ಸೋತವರು ಅದನ್ನು ಹೊತ್ತುಕೊಂಡು ಹೋಗಬೇಕು. ಮುಂದಿನ ಭಾನುವಾರ ಎರಡೂ ತಂಡಕ್ಕೆ ತಾವೇ ಅಡುಗೆ ಮಾಡಿ ಬಡಿಸಬೇಕು. ಹೊರಗಿನಿಂದ ತರಿಸುವಂತಿಲ್ಲ. ಮುಂದಿನ ವರ್ಷ ಗೆದ್ದರೆ ತಪ್ಪಲೆ ದಾಟಿಸಬಹುದು, ಸೋತರೆ ಅದು ಅಲ್ಲೇ. ಎಷ್ಟೋ ವರ್ಷಗಳಿಂದ ಅದು ದೇವದಾಸನ ಕಟ್ಟಡದ ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯ ಗೂಡಿನಲ್ಲಿ, ಸೈಕಲ್ಲುಗಳ ಹಿಂದೆ ಕೂತಿದೆ. ಕಾರಣ ಸರಳ. ಕಾರ್ಲ್ಸ್‌ರುಹೆಯಲ್ಲಿ ಒಬ್ಬ ಆಟ ಕಲಿಯುವ ಹೊತ್ತಿಗೆ ಅವನ ಡಿಗ್ರಿ ಮುಗಿಯುತ್ತದೆ, ಬ್ಲೂ ಕಾರ್ಡ್ ಬರುತ್ತದೆ, ಮುಂದಿನ ವರ್ಷ ಅವನೇ ಬಂದು ನಮಗೆ ಗೋಲು ಹೊಡೆಯುತ್ತಾನೆ.

2

ಈಗ ಸ್ವೀಡಲ್ ಬರಬೇಕು. ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಒಂದು ಪ್ರೇಮ ಪ್ರಕರಣ ಕೊಟ್ಟಿದ್ದೆ. ಅವಳಿಗೆ ಓದಲು ಕಳಿಸಿದ್ದೇ ತಪ್ಪಾಯಿತು. "ಅಂಕಲ್, ಇದನ್ನು ತೆಗೀರಿ, ನಾನು ಥೀಸಿಸ್ ಬರಿತಾ ಇದ್ದೇನೆ" ಎಂದಳು. ತೆಗೆದೆ.

ಸ್ವೀಡಲ್ ಮಂಗಳೂರಿನವಳು, ಕಾರ್ಲ್ಸ್‌ರುಹೆಯ ಗೋಲ್‌ಕೀಪರ್. ಗಂಡಸರು ಒದ್ದ ಚೆಂಡನ್ನು ಮೀನು ಹಿಡಿದಷ್ಟು ಸಲೀಸಾಗಿ ಹಿಡಿಯುತ್ತಾಳೆ. ಅವಳು ತಂಡ ಸೇರಿದ್ದು ಕಳೆದ ಜೂನ್ ಆಟ ಮುಗಿದ ಮೇಲೆ, ಅಂದಿನಿಂದ ತಂಡ ಸೋಲುವುದನ್ನು ಮರೆತಿತ್ತು. ಬೇಸಿಗೆ ಮುಗಿದರೆ ಅವಳ ಓದೂ ಮುಗಿಯುತ್ತದೆ, ಆಮೇಲೆ ಕೆಲಸ ಎಲ್ಲಿ ಸಿಕ್ಕರೆ ಅಲ್ಲಿಗೆ. ತಪ್ಪಲೆ ದಾಟಿಸಲು ಅವಳಿಗಿದ್ದದ್ದು ಇದೊಂದೇ ಜೂನ್, ಅವಳು ಹೋದರೆ ದೇವದಾಸನಿಗೂ ಬಹುಶಃ ಇದೊಂದೇ.

ಇಂಥ ಸಮಯ ನೋಡಿಯೇ ಸೇಂಟ್ ಲಿಯೋನ್-ರೋಟ್ ಕಾನ್ಫರೆನ್ಸ್ ಬಿಟ್ಟಿತು.

2 (ಅ)

ಬಿಟ್ಟ ರೀತಿ ಹೀಗೆ. ಅವರ ಕ್ಯಾಪ್ಟನ್ ಅರ್ಸಲಾನ್, ತುಮಕೂರಿನವನು, ಅಕ್ಟೋಬರಿನ ಒಂದು ಸಂಜೆ ವಾಟ್ಸ್ಯಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ. ಹ್ಯಾಂಬರ್ಗ್, ಮ್ಯೂನಿಕ್, ಬರ್ಲಿನ್‌ಗಳ ಕೆಲಸಗಾರರ ತಂಡಗಳೊಂದಿಗೆ ಬ್ಲೂ ಕಾರ್ಡ್ ಕಾನ್ಫರೆನ್ಸ್ ಎಂಬ ಹೊಸ ಕೂಟ ಆಗುತ್ತಿದೆ, 'ಒಗ್ಗರಣೆ ಡೈರೆಕ್ಟ್' ಎಂಬ ಆನ್‌ಲೈನ್ ದಿನಸಿ ಅಂಗಡಿ ಪ್ರಾಯೋಜಕರು, ಎಲ್ಲ ಆಟಗಳೂ ಲೈವ್ ಸ್ಟ್ರೀಮ್, ರಿಅಲೈನ್‌ಮೆಂಟ್ ಎಲ್ಲ ಕಡೆ ಆಗುತ್ತಿದೆ, ಅಮೆರಿಕದಲ್ಲೂ ಆಗಿದೆ, ಎಲ್ಲರಿಗೂ ಥ್ಯಾಂಕ್ಸ್. ಆಮೇಲೆ ಕೈಮುಗಿದ ಒಂದು ಚಿತ್ರ. ಆಮೇಲೆ, ಅರ್ಸಲಾನ್ ಗ್ರೂಪ್ ತೊರೆದಿದ್ದಾರೆ.

ಕಾರ್ಲ್ಸ್‌ರುಹೆಯನ್ನು ಯಾಕೆ ಕರೆಯಲಿಲ್ಲ ಎಂದು ನಾನು ವಿಚಾರಿಸಿದೆ. ಪ್ರಾಯೋಜಕರ ಲೆಕ್ಕದಲ್ಲಿ ವಿದ್ಯಾರ್ಥಿಗಳು ಅಕ್ಕಿ, ಬೇಳೆ ಮಾತ್ರ ಕೊಳ್ಳುತ್ತಾರಂತೆ, ಅದೂ ರಿಯಾಯಿತಿ ಇದ್ದಾಗ. ಬ್ಲೂ ಕಾರ್ಡಿನವರು ಫ್ರೋಜನ್ ಪರೋಟ ಕೊಳ್ಳುತ್ತಾರೆ. ಊರಿನಲ್ಲಿ ಜಾತಿ ನೋಡಿ ಪಂಕ್ತಿ ಹಾಕುವುದನ್ನು ಬೈದು ಬಂದ ನಾವು ಇಲ್ಲಿ ವೀಸಾ ನೋಡಿ ಪಂಕ್ತಿ ಹಾಕಿದ್ದೇವೆ. (ಈ ವಾಕ್ಯ ಭಾಷಣದಂತಾಯಿತು, ಗೊತ್ತು. ಇರಲಿ, ಸಿಟ್ಟು ಬಂದಿದೆ.)

ದೇವದಾಸನಿಗೆ ನೋವಾದದ್ದು ಆಟದ ವಿಷಯಕ್ಕಲ್ಲ. ಫೋನಿನಲ್ಲಿ "ಒಂದಿಡೀ ಚಳಿಗಾಲ ನನ್ನ ಸೋಫಾದಲ್ಲಿ ಮಲಗಿದವ ಮಾರಾಯ್ರೆ. ರೂಮು ಸಿಕ್ಕಿರ್ಲಿಲ್ಲ ಅವನಿಗೆ. ಹೋಗುವಾಗ ನನಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ?" ಎಂದ. ಅವನ ಮಾತನ್ನು ಹಾಗೇ ಬರೆದುಕೊಂಡೆ, ಸೇರಿಸಲು ಒಂದು ಗೇಲಿಯೂ ಸಿಗಲಿಲ್ಲ. ವ್ಯಂಗ್ಯ ಬರೆಯುವವನಿಗೆ ಹೀಗಾಗಬಾರದು, ಆದರೂ ಆಯಿತು.

3

ಇಲ್ಲಿಯವರೆಗೆ ಬರೆದದ್ದನ್ನು ಅರ್ಸಲಾನ್ ಓದಿ ಫೋನ್ ಮಾಡಿದ.

"ಏನ್ ಸಾರ್, ನನ್ನ ಪೂರ್ತಿ ವಿಲನ್ ಮಾಡ್ಬಿಟ್ಟಿದ್ದೀರಾ?"

ನೀನು ಮಾಡಿದ್ದನ್ನೇ ಬರೆದಿದ್ದೇನಪ್ಪ ಎಂದೆ. ಅವನು ಮಾರ್ಕೆಟ್, ಗ್ರೋತ್, ವಿಸಿಬಿಲಿಟಿ ಎಂದೆಲ್ಲ ಹೇಳಿದ. ಜೀವನವಿಡೀ ಸ್ಟೂಡೆಂಟುಗಳ ಜೊತೆ ಆಡಿಕೊಂಡಿರಲು ಆಗುತ್ತದೆಯೇ ಎಂದು ನನ್ನನ್ನೇ ಕೇಳಿದ. ನಾನು ಹೂಂ ಎನ್ನುತ್ತಾ ಹೋದೆ. ಪಾತ್ರಗಳನ್ನು ಮಾತಾಡಲು ಬಿಟ್ಟರೆ ಕೊನೆಗೆ ತಾವೇ ಬಾಯಿಬಿಡುತ್ತವೆ ಎಂಬುದು ನನ್ನ ಅನುಭವ.

"ನಿಜ ಹೇಳ್ಲಾ ಸಾರ್? ಈ ಸಲ ಆ ಹುಡುಗಿ ಇದ್ದಾಳೆ, ನಾವು ಸೋಲ್ತೀವಿ. ಸೋತ್ರೆ ಅಡುಗೆ ಮಾಡ್ಬೇಕು. ನಮ್ ಟೀಮಲ್ಲಿ ಒಬ್ಬನಿಗೂ ಮೂವತ್ತು ಜನಕ್ಕೆ ಅನ್ನ ಇಡೋಕೆ ಬರಲ್ಲ. ದೇವಣ್ಣನ ಸಾರು ತಿಂದವರ ಮುಂದೆ ನಾನು ಏನ್ ಬಡಿಸಲಿ?"

ಇದನ್ನು ಕಥೆಯಲ್ಲಿ ಹಾಕಬೇಡಿ ಎಂದ. ಹಾಕಿದ್ದೇನೆ.

5

(ನಾಲ್ಕನೆಯ ಭಾಗ ಜರ್ಮನಿಯಲ್ಲಿ ಕನ್ನಡಿಗರ ಅಸ್ಮಿತೆ ಕುರಿತಾಗಿತ್ತು. ಗ್ರೇಸ್ ಓದುತ್ತಾ ನಿದ್ದೆ ಹೋದಳು. ನೀವು ಬಚಾವ್.)

ಡಿಸೆಂಬರಿನಲ್ಲಿ ಕಥೆಗೆ ತಿರುವು ಸಿಕ್ಕಿತು, ಅದನ್ನು ಕೊಟ್ಟವನು ನಾನಲ್ಲ, ಜರ್ಮನಿ. ರೈನ್ ಕಾನ್ಫರೆನ್ಸ್ ಇಲ್ಲಿಯ ಪದ್ಧತಿಯಂತೆ ನೋಂದಾಯಿಸಿದ ಫೆರಾಯ್ನ್, ಅಂದರೆ ಸಂಘ. ಜರ್ಮನಿಯಲ್ಲಿ ಜಿಮ್ಮಾಗಲಿ ಮೊಬೈಲಾಗಲಿ ಸಂಘವಾಗಲಿ, ಬಿಡುವ ಮುಂಚೆ ಕ್ಯೂಂಡಿಗುಂಗ್, ಅಂದರೆ ಬಿಡುತ್ತೇನೆಂಬ ನೋಟಿಸು, ಕೊಡಬೇಕು. ನಮ್ಮ ಸಂಘದಲ್ಲಿ ಅದನ್ನು ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ, ಸಹಿ ಹಾಕಿ, ಅಂಚೆಯಲ್ಲಿ ಕಳಿಸಬೇಕು. ಇಲ್ಲವಾದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷ ಎಲ್ಲರೂ ಇದರಲ್ಲಿ ಒಮ್ಮೆ ಸಿಕ್ಕಿಬಿದ್ದು ಬುದ್ಧಿ ಕಲಿಯುತ್ತಾರೆ. ಆದರೆ ನಮ್ಮವರ ನಡುವಿನ ವ್ಯವಹಾರ ಬಂದಾಗ ಆ ಬುದ್ಧಿ ಎಲ್ಲೋ ಹೋಗುತ್ತದೆ. ವಾಟ್ಸ್ಯಾಪ್ ಗ್ರೂಪ್ ಬಿಟ್ಟರೆ ಸಂಬಂಧವೂ ಬಿಟ್ಟಂತೆ ಎಂದು ಅರ್ಸಲಾನ್ ತಿಳಿದಿದ್ದ.

ಜರ್ಮನ್ ಕಾನೂನನ್ನು ದಿನಾ ಶಪಿಸುತ್ತಿದ್ದ ದೇವದಾಸ್ ಅಂದು ಅದನ್ನು ಹಾಡಿ ಹೊಗಳಿದ. ಸೇಂಟ್ ಲಿಯೋನ್-ರೋಟ್ ಇನ್ನೂ ನಮ್ಮ ಕಾನ್ಫರೆನ್ಸಿನಲ್ಲೇ ಇತ್ತು, ಜೂನ್ ಆಟ ಆಡಲೇಬೇಕಿತ್ತು. ದೇವದಾಸ್ ಹಾಗೆಂದು ಅರ್ಸಲಾನನಿಗೆ ಬರೆದ. ಅರ್ಸಲಾನ್‌ನಿಂದ ಉತ್ತರ ಬಂತು. ನಾವು ಬರುವುದಿಲ್ಲ, ವಾಕ್‌ಓವರ್ ತಗೊಳ್ಳಿ, ತಪ್ಪಲೆ ಬೇಕಾದರೆ ಕಳಿಸಿಕೊಡಿ, ಅಡುಗೆ ಮಾತ್ರ ಕೇಳಬೇಡಿ.

ಕಥೆ ಇಲ್ಲಿಗೇ ಮುಗಿಸಬಹುದಿತ್ತು. ಕಾರ್ಲ್ಸ್‌ರುಹೆ ಗೆದ್ದಂತಾಯಿತಲ್ಲ ಎಂದು ನಾನು ಖುಷಿಯಿಂದ ಸ್ವೀಡಲ್‌ಗೆ ಹೇಳಿದೆ. ಅವಳ ಮುಖ ಕೆಂಪಾಯಿತು.

"ನನಗೆ ಹಾಗೆ ಗೆಲ್ಲುದು ಬೇಡ ಅಂಕಲ್. ಅವರು ಬಾರದೆ ನಾವು ಗೆದ್ರೆ ತಪ್ಪಲೆ ಮಾತ್ರ ಹೋಗ್ತದೆ. ಸೋತದ್ದೆಲ್ಲ ಇಲ್ಲೇ ಉಳೀತದೆ."

6

ಏಪ್ರಿಲ್‌ನಲ್ಲಿ ಬ್ಲೂ ಕಾರ್ಡ್ ಕಾನ್ಫರೆನ್ಸಿನ ಉದ್ಘಾಟನೆಯ ಆಟ ಹ್ಯಾಂಬರ್ಗ್‌ನಲ್ಲಿ ನಡೆಯಿತು. ಸೇಂಟ್ ಲಿಯೋನ್-ರೋಟಿನವರು ಅರ್ಧ ದೇಶ ದಾಟಿ, ರೈಲು ತಪ್ಪಿಸಿಕೊಂಡು, ಇನ್ನೊಂದು ಹಿಡಿದು ಹೋದರು. ಅಲ್ಲಿ ಮಳೆ. ಲೈವ್ ಸ್ಟ್ರೀಮಿನಲ್ಲಿ ಆಟಗಾರರ ತಾಯಂದಿರು ಮತ್ತು ನಾನು. ತುಮಕೂರಿನಿಂದ ಒಬ್ಬರು "ತಲೆ ಒರೆಸಿಕೋ" ಎಂದು ಕಾಮೆಂಟ್ ಹಾಕಿದರು. ಸೇಂಟ್ ಲಿಯೋನ್-ರೋಟ್ ಗೆದ್ದಿತು. ಗೆದ್ದ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಹ್ಯಾಂಬರ್ಗಿನವರು ಕೈ ಕುಲುಕಿ ಯು-ಬಾನ್ ಮೆಟ್ರೋ ಹತ್ತಿದರು. ಇವರು ಸ್ಟೇಷನ್ನಿನಲ್ಲಿ ತಣ್ಣಗಾದ ಬ್ರೆಟ್ಸೆಲ್ ಬ್ರೆಡ್ಡು ತಿಂದರು. ಪ್ರಾಯೋಜಕರು ಪ್ರತಿಯೊಬ್ಬನಿಗೂ ಒಂದೊಂದು ಸಾಸಿವೆ ಪ್ಯಾಕೆಟ್ ಕೊಟ್ಟಿದ್ದರು.

ಮರುವಾರ ಸ್ವೀಡಲ್ ಅರ್ಸಲಾನ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳಂತೆ. ಹೆದರಿಕೆ ಅಡುಗೆಗಾ, ನನಗಾ? ಜೂನ್ ಕೊನೆಯ ಭಾನುವಾರ ಅವನ ತಂಡ ಕಾರ್ಲ್ಸ್‌ರುಹೆಯ ಮೈದಾನಕ್ಕೆ ಬಂತು.

ದೇವದಾಸನೂ ಅರ್ಸಲಾನನೂ ಒಬ್ಬರನ್ನೊಬ್ಬರು ನೋಡಲಿಲ್ಲ. ತಪ್ಪಲೆ ಗೆರೆಯಾಚೆ ಹುಲ್ಲಿನ ಮೇಲೆ ಕೂತಿತ್ತು. ಆಟ ಎರಡು-ಎರಡು ಆಯಿತು. ಮುಗಿಯುವ ಹೊತ್ತಿಗೆ ಸೇಂಟ್ ಲಿಯೋನ್-ರೋಟ್‌ಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಇಟ್ಟವನು ಅರ್ಸಲಾನ್. ಎದುರಿಗೆ ಗೋಲಿನಲ್ಲಿ ಸ್ವೀಡಲ್.

ಇಲ್ಲಿ ಪೆನ್ನು ಕೆಳಗಿಟ್ಟೆ.

6 (ಅ)

ಸ್ವೀಡಲ್ ಚೆಂಡು ಹಿಡಿಯುತ್ತಾಳೆ. ಹಿಡಿದ ಚೆಂಡನ್ನು ಮುಂದಕ್ಕೆ ಎಸೆಯುತ್ತಾಳೆ, ಕಾರ್ಲ್ಸ್‌ರುಹೆ ಗೋಲು ಹೊಡೆಯುತ್ತದೆ, ತಪ್ಪಲೆ ದಾಟುತ್ತದೆ. ಬಡವರು ಗೆದ್ದರು, ಚಪ್ಪಾಳೆ. ಅರ್ಸಲಾನ್ ಒಪ್ಪಲಿಲ್ಲ. ಇಂಥದ್ದನ್ನು ಸಾವಿರ ಸಲ ನೋಡಿದ್ದೀವಿ ಎಂದ.

6 (ಆ)

ಅರ್ಸಲಾನ್ ಬೇಕೆಂದೇ ಹೊರಗೆ ಒದೆಯುತ್ತಾನೆ, ಸೋಫಾದ ಋಣ ನೆನೆದು. ಇದು ನನಗೆ ತುಂಬ ಇಷ್ಟವಾಗಿತ್ತು, ಬರೆಯುವಾಗ ಕಣ್ಣೂ ಒದ್ದೆಯಾಗಿತ್ತು. ಸ್ವೀಡಲ್ ಹಾಗೇನಾದರೂ ಬರೆದರೆ ಕಥೆಯಿಂದಲೇ ಹೋಗುತ್ತೇನೆ ಎಂದಳು, ಕ್ಯೂಂಡಿಗುಂಗ್ ಕೊಟ್ಟೇ ಹೋಗುತ್ತಾಳಂತೆ.

6 (ಇ)

ಗೋಲು. ಕಾರ್ಲ್ಸ್‌ರುಹೆ ಮತ್ತೆ ಸೋಲುತ್ತದೆ, ದೇವದಾಸ್ ಮತ್ತೆ ಕೋಳಿ ತರಲು ಟರ್ಕಿಯವರ ಅಂಗಡಿಗೆ ಹೋಗುತ್ತಾನೆ. ಇದನ್ನು ಓದಿ ದೇವದಾಸ್ ಏನೂ ತಕರಾರು ಮಾಡಲಿಲ್ಲ. "ಅವ ಊಟಕ್ಕೆ ಬರ್ತಾನಾ?" ಎಂದಷ್ಟೇ ಕೇಳಿದ. ಅದನ್ನೂ ಹರಿದು ಕಾಗದದ ಡಬ್ಬಿಗೆ ಹಾಕಿದೆ.

8

(ಏಳನೆಯ ಭಾಗದಲ್ಲಿ ಪೆನಾಲ್ಟಿಯ ಫಲಿತಾಂಶ ಇರಬೇಕಿತ್ತು. ಅದು ಇನ್ನೂ ಬರೆದಾಗಿಲ್ಲ.) ಇಷ್ಟೆಲ್ಲ ಯೋಚಿಸುತ್ತಾ ನಾನು ಬ್ರುಖ್ಸಾಲ್‌ನ ನನ್ನ ಮನೆಯಲ್ಲಿ ಕೂತಿದ್ದೆ. (ಬ್ರುಖ್ಸಾಲ್ ಇರುವುದು ಕಾರ್ಲ್ಸ್‌ರುಹೆಗೂ ಸೇಂಟ್ ಲಿಯೋನ್-ರೋಟ್‌ಗೂ ನಡುವೆ. ಇಬ್ಬರನ್ನೂ ಗೇಲಿ ಮಾಡಲು ಒಳ್ಳೆಯ ಜಾಗ.) ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಸ್ವೀಡಲ್ ತಪ್ಪಲೆಯ ಒಂದು ಕಿವಿ ಹಿಡಿದಿದ್ದಳು, ದೇವದಾಸ್ ಇನ್ನೊಂದು. ಎಸ್-ಬಾನಿನಲ್ಲಿ ಮಕ್ಕಳ ಗಾಡಿ ಇಡುವ ಜಾಗದಲ್ಲಿಟ್ಟು ತಂದರಂತೆ.

ಇದನ್ನು ಇಲ್ಲಿಗೇಕೆ ತಂದಿರಿ ಎಂದೆ. ಅಲ್ಲಿ ಪೆನಾಲ್ಟಿ ಹಾಗೇ ನಿಂತಿದೆ, ಆಟ ಮುಗಿಯದೆ ಯಾರು ಒಯ್ಯಬೇಕೆಂದು ಗೊತ್ತಾಗುವುದಿಲ್ಲ, ಮೈದಾನದವರು ಗೇಟು ಹಾಕುತ್ತಾರೆ, ಬಿಟ್ಟು ಬರಲೂ ಆಗುವುದಿಲ್ಲ ಎಂದು ದೇವದಾಸ್ ವಿವರಿಸಿದ. ಸ್ವೀಡಲ್‌ಗೆ ಅಷ್ಟು ತಾಳ್ಮೆ ಇರಲಿಲ್ಲ.

"ಎಷ್ಟು ವರ್ಷದಿಂದ ನಮ್ಮನ್ನು ನೋಡಿ ನಗಾಡ್ತಾ ಇದ್ದೀರಿ. ಒಂದು ಪೆನಾಲ್ಟಿ ಬರೀಲಿಕ್ಕೆ ನಿಮಗೆ ಧೈರ್ಯ ಇಲ್ಲ. ಸೋತದ್ದು ನೀವೇ ಅಂಕಲ್. ಭಾನುವಾರ ಊಟಕ್ಕೆ ಬರ್ತೇವೆ."

ಎಲ್ಲರೂ ಬರುತ್ತೀರಾ, ಆ ಕಡೆಯವರೂ ಬರುತ್ತಾರಾ ಎಂದು ಕೇಳುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ಅರ್ಸಲಾನ್‌ಗೆ ಮೆಸೇಜ್ ಹಾಕಿದೆ. ಓದಿದ್ದಕ್ಕೆ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

9

ಇವತ್ತು ಭಾನುವಾರ. ಅಡುಗೆಮನೆಯ ಅರ್ಧ ಜಾಗವನ್ನು ತಪ್ಪಲೆಯೇ ತಿಂದಿದೆ. ನನಗೆ ಚಹಾ ಬಿಟ್ಟರೆ ಏನೂ ಮಾಡಲು ಬರುವುದಿಲ್ಲ, ಸಹಾಯ ಮಾಡುವುದು ನಿಯಮಕ್ಕೆ ವಿರುದ್ಧ ಎಂದು ಗ್ರೇಸ್ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಾಳೆ. ಒಂದೇ ತಂಡ ಬಂದರೆ ಅರ್ಧ ತಪ್ಪಲೆ ಸಾಕು. ಎರಡೂ ಬಂದರೆ ಕಂಠದವರೆಗೆ ಬೇಕು.

"ಎಷ್ಟು ಜನಕ್ಕೆ ಮಾಡ್ತೀರಿ?" ಎಂದಳು.

ಕಂಠದವರೆಗೆ ಎಂದೆ.

"ಅವನು ಬರದಿದ್ರೆ?"

ಗೊತ್ತಿಲ್ಲ. ನಿಮಗೂ ಹೇಳುತ್ತಿದ್ದೇನೆ, ನನಗೆ ನಿಜವಾಗಿಯೂ ಗೊತ್ತಿಲ್ಲ. ಅಲ್ಲಿ ಮೈದಾನದಲ್ಲಿ ಅರ್ಸಲಾನ್ ಇನ್ನೂ ಓಡಿ ಬರುತ್ತಲೇ ಇದ್ದಾನೆ, ಸ್ವೀಡಲ್ ಇನ್ನೂ ಯಾವ ಕಡೆಗೂ ಹಾರಿಲ್ಲ. ಇಲ್ಲಿ ಕಣ್ಣುರಿಯುತ್ತಿದೆ, ಈರುಳ್ಳಿ ಇನ್ನೂ ಅರ್ಧ ಚೀಲ ಬಾಕಿ ಇದೆ.