ಬೂದಿಯ ಮೇಲೆ ಮಲಗಿದವಳು

ಮರದ ಹಲಗೆಯ ಮೇಲೆ ಕೊಡತಿಯ ಏಟು ಬೀಳುತ್ತಿದ್ದಂತೆ ಇಡೀ ಮಠ ಓಡಿ ಬಂತು. ಬರ್ಗಂಡಿಯ ಆ ಕನ್ಯಾಮಠದಲ್ಲಿ ಸನ್ಯಾಸಿನಿಯರು ಓಡಬಹುದಾಗಿದ್ದುದು ಬೆಂಕಿ ಬಿದ್ದಾಗ, ಇಲ್ಲವೇ ತಮ್ಮಲ್ಲೊಬ್ಬಳು ಸಾಯುತ್ತಿದ್ದಾಳೆಂದು ಈ ಹಲಗೆ ಬಡಿದಾಗ ಮಾತ್ರ. ಯಾರಿಗೆ ಬಂತಪ್ಪಾ ಎಂದುಕೊಂಡಳು ಹೆರ್ಸೆಂಡ್. ಎದ್ದು ಓಡಲು ನೋಡಿದಳು, ಆಗಲಿಲ್ಲ. ಕಣ್ಣು ಬಿಡಲು ನೋಡಿದಳು, ಅದೂ ಆಗಲಿಲ್ಲ. ಬೆನ್ನ ಕೆಳಗೆ ಒರಟು ಗೋಣಿತಟ್ಟು, ಅದರಡಿ ಬೂದಿ. ಸಾಯುವವರನ್ನು ಮಲಗಿಸುವ ಬೂದಿ. ಜೀವ ಬಾಯಿಗೆ ಬಂತು. ಬಾಯಿ ತೆರೆಯದೆ ಅಲ್ಲೇ ನಿಂತಿತು.

ಬೆಳಿಗ್ಗೆ ಅವಳು ಎಲ್ಲರಂತೆ ತೋಳಿನಿಂದ ರಕ್ತ ತೆಗೆಸಿಕೊಂಡಿದ್ದಳು. ಆರೋಗ್ಯಕ್ಕೆಂದು ವರ್ಷಕ್ಕೆ ಕೆಲವು ಸಲ ನಡೆಯುವ ಕೆಲಸ ಅದು. ಆಮೇಲೆ ಎರಡು ದಿನ ಮೊಟ್ಟೆ, ದ್ರಾಕ್ಷಾರಸ, ಬೆಚ್ಚನೆಯ ಕೋಣೆ ಸಿಗುತ್ತದೆಂದು ಉಳಿದವರು ಆ ದಿನಕ್ಕೆ ಕಾಯುತ್ತಿದ್ದರು. ಹೆರ್ಸೆಂಡ್ ಮಾತ್ರ ನಾಲಿಗೆಯ ಚಪಲ ತನಗಿಲ್ಲವೆಂದು ಉಪವಾಸದಲ್ಲೇ ಪ್ರಾರ್ಥನೆಗೆ ಹೊರಟು, ಮೆಟ್ಟಿಲ ಮೇಲೆ ಕುಸಿದಿದ್ದಳು. ಅಷ್ಟು ಬಿಗಿ ಯಾಕೆ ಬೇಕಿತ್ತೋ!

ರೋಗಿಗಳನ್ನು ನೋಡಿಕೊಳ್ಳುವ ರಿಶಿಲ್ಡ್ ಅವಳ ಮೂಗಿಗೆ ಕೋಳಿಪುಕ್ಕ ಹಿಡಿದಳು. ಪುಕ್ಕ ಅಲುಗಲಿಲ್ಲವಂತೆ.

"ಮುಗೀತಮ್ಮ," ಎಂದಳು ಮಠದ ಹಿರಿಯಳಾದ ತಾಯಿಗೆ. "ಸೆಕೆ ಜಾಸ್ತಿ ಇದೆ. ಸಂಜೆ ಒಳಗೇ ಮಣ್ಣು ಮಾಡ್ಬಿಡೋದು ಒಳ್ಳೇದು."

ಇಲ್ಲ, ಇಲ್ಲ, ನಾನಿದ್ದೇನೆ ಎಂದು ಹೆರ್ಸೆಂಡ್ ಒಳಗೊಳಗೇ ಕಿರುಚಿದಳು. ಯಾರಿಗೂ ಕೇಳಿಸಲಿಲ್ಲ.

ಹೆಣ ತೊಳೆಯುವ ಕೋಣೆಯಲ್ಲಿ ಪಿಸುಮಾತಿಗೆ ಅಪ್ಪಣೆಯಿತ್ತು. ನೀರು ಹೊತ್ತು ತಂದವಳು ಅಡುಗೆಯ ಓಡಲೀನ್.

"ಸತ್ತ ಮೇಲೂ ಹುಬ್ಬು ಗಂಟು ಹಾಕ್ಕೊಂಡೇ ಇದಾಳೆ ನೋಡಕ್ಕ," ಎಂದಳು. "ಇನ್ನು ದೇವದೂತರಿಗೆ ಉಳಿಗಾಲ ಇಲ್ಲ. ರೆಕ್ಕೆ ಸದ್ದು ಮಾಡ್ಬೇಡಿ ಅಂತ ಬೈತಾಳೆ."

"ಸುಮ್ನಿರೇ, ಪಾಪ," ಎಂದಳು ರಿಶಿಲ್ಡ್, ನಗು ತಡೆದುಕೊಳ್ಳುತ್ತ.

ಓಡಲೀನ್ ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಠದಲ್ಲಿ ತಿರುಗಾಡಿ ಬೇರೆಯವರ ತಪ್ಪು ಕಂಡುಹಿಡಿದು, ಬೆಳಗಿನ ಸಭೆಯಲ್ಲಿ ಎದ್ದು ಹೇಳುವುದೇ ಹೆರ್ಸೆಂಡಳ ಕೆಲಸ. ಊಟದ ಮನೆಯಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಮೀನು ಬೇಕಾದರೆ ಅಂಗೈಯನ್ನು ನೀರಲ್ಲಿ ಬಾಲ ಬೀಸಿದಂತೆ ಆಡಿಸಬೇಕು. ಆ ಸನ್ನೆಯಿಂದಲೇ ಓಡಲೀನ್ ಮಠದ ತಾಯಿಯ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದಳು. ಹೆರ್ಸೆಂಡ್ ದೂರಿದಳು. ಇನ್ನೊಮ್ಮೆ ಮೌನ ಮುರಿದರೆ ಅಥವಾ ಮುರಿಸಿದರೆ ಮಠದಿಂದ ಹೊರಕ್ಕೆ ಎಂದು ತೀರ್ಪಾಗಿತ್ತು. ಹೊರಗೆ ಓಡಲೀನಳಿಗೆ ನನ್ನವರು ಎನ್ನುವವರು ಯಾರೂ ಇರಲಿಲ್ಲ.

ಚಟ್ಟವನ್ನು ಇಗರ್ಜಿಯ ನಡುವೆ ಇಳಿಸಿದರು. ಕೀರ್ತನೆಗಳು ಶುರುವಾದವು. ತಲೆಯ ಬಳಿ ರಿಶಿಲ್ಡ್ ಸೂಜಿಗೆ ದಾರ ಪೋಣಿಸುತ್ತಿದ್ದಳು. ಇನ್ನು ಮುಸುಕನ್ನು ಮುಖದ ಮೇಲೆಳೆದು ಹೊಲಿಯುತ್ತಾರೆ, ಕೈಗಳನ್ನೂ ಒಳಗೆ ಸೇರಿಸುತ್ತಾರೆ, ಆಮೇಲೆ ಮಣ್ಣು. ಮಣ್ಣು ಬಾಯೊಳಗೆ ಹೋಗುವಾಗಲೂ ಹೀಗೇ ಎಚ್ಚರವಾಗಿರುತ್ತೇನೆಯೇ? ಅವಳು ಎಷ್ಟೋ ಹೆಣಗಳಿಗೆ ಹೆದರದೆ ಕಾವಲು ಕೂತವಳು. ಈಗ ಹೆದರಿಕೆಯಲ್ಲಿ ದೇವರ ಹೆಸರೂ ನೆನಪಿಗೆ ಬರಲೊಲ್ಲದು.

ಆಗ ಎದೆಯ ಮೇಲಿದ್ದ ಬಲಗೈಯಲ್ಲಿ ಇರುವೆ ಹರಿದಂತಾಯಿತು. ಮಣಿಕಟ್ಟು ಕೂದಲೆಳೆಯಷ್ಟು ಅಲುಗಿತು. ರೆಪ್ಪೆಯ ಸಂದಿಯಲ್ಲಿ ಮಸುಕು ಬೆಳಕು. ದೇವರೇ, ಯಾರಾದರೂ ಇತ್ತ ನೋಡಲಿ! ಆದರೆ ಎಲ್ಲರ ಕಣ್ಣೂ ನೆಲದ ಮೇಲಿತ್ತು. ಇಗರ್ಜಿಯಲ್ಲಿ ಅತ್ತಿತ್ತ ನೋಡಬಾರದೆಂದು ವರ್ಷಗಟ್ಟಲೆ ಬೈದು ಬೈದು ಕಲಿಸಿದವಳು ಅವಳೇ. ಎಷ್ಟು ಚೆನ್ನಾಗಿ ಕಲಿತಿದ್ದರು ಪುಣ್ಯಾತ್ಗಿತ್ತಿಯರು!

ಹೇಳಿದ ಮಾತು ಕೇಳದವಳು ಒಬ್ಬಳೇ. ಅವಳಂತೂ ಈಗಲೂ ಕತ್ತು ತಿರುಗಿಸುತ್ತಿರುತ್ತಾಳೆ. ಹೆರ್ಸೆಂಡ್ ಉಳಿದಿದ್ದ ಜೀವವನ್ನೆಲ್ಲ ಅಂಗೈಗೆ ತಂದು, ಅವಳಿಗೆ ತಟ್ಟನೆ ತಿಳಿಯುವ ಆ ಸನ್ನೆ ಮಾಡಿದಳು. ಅಂಗೈ ಒಮ್ಮೆ ಇತ್ತ, ಒಮ್ಮೆ ಅತ್ತ. ಮುಸುಕು ಮೂಗಿನವರೆಗೆ ಬಂದಿತ್ತು.

"ಅಯ್ಯಯ್ಯೋ! ಮೀನು ಕೇಳ್ತಿದಾಳೆ!" ಓಡಲೀನಳ ಕೂಗಿಗೆ ಕೀರ್ತನೆ ಅರ್ಧಕ್ಕೇ ನಿಂತಿತು. "ಹೊಲೀಬೇಡ ರಿಶಿಲ್ಡಕ್ಕ, ಸೂಜಿ ಬಿಸಾಕು! ಇವಳಿನ್ನೂ ಸತ್ತಿಲ್ಲ ಕಣೇ!"

ಕೋಲೂರಿ ನಿಲ್ಲುವಷ್ಟಾದ ಮೇಲೆ ಹೆರ್ಸೆಂಡ್ ಬೆಳಗಿನ ಸಭೆಗೆ ಬಂದಳು. ಓಡಲೀನ್ ತಪ್ಪು ಮಾಡಿದವರು ಬೀಳುವಂತೆ ನೆಲದ ಮೇಲೆ ಬೋರಲು ಬಿದ್ದಿದ್ದಳು. ತಾಯಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇಗರ್ಜಿಯಲ್ಲಿ ಮೌನ ಮುರಿದದ್ದು ತಪ್ಪು. ಆದ್ರೆ ದೂರು ಹೇಳೋವ್ರಿಲ್ದೆ ನಾನು ಶಿಕ್ಷೆ ಕೊಡೋ ಹಾಗಿಲ್ಲ. ಆ ಕೆಲ್ಸ ನಿಂದು, ಹೆರ್ಸೆಂಡ್. ಏನು ಕೇಳಿಸ್ತು ಹೇಳು."

ಅವಳು ಹುಟ್ಟಿದಾಗಿನಿಂದ ತಿಳಿದೂ ತಿಳಿದೂ ಸುಳ್ಳು ಹೇಳಿದವಳಲ್ಲ. ಸುಳ್ಳು ಹೇಳಿದವರಿಗೆ ನರಕದಲ್ಲಿ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಬೂದಿಯ ಮೇಲಿದ್ದಾಗಿನ ಹೆದರಿಕೆಯೇ ಮತ್ತೆ ಬಂತು. ಅವಳು ಕೋಲನ್ನು ಗಟ್ಟಿಯಾಗಿ ಊರಿದಳು.

"ನಂಗೇನೂ ಕೇಳಿಸ್ಲಿಲ್ಲ ಅಮ್ಮ," ಎಂದಳು. "ನಾನು ಸತ್ತಿದ್ದೆ."