ತುಂಡಾದ ತಿರುಳು

ಲಾನ್‌ಫೆನ್ ಎಳೆಯುತ್ತಿದ್ದ ತಿರುಳು ಮತ್ತೆ ನಡುವಿನಲ್ಲೇ ತುಂಡಾಯಿತು. ಸೂತಕದ ಬಿಳಿಬಟ್ಟೆ ಕಟ್ಟಿದ ತಲೆ ಎತ್ತದೆ ಅವಳು ನೆನೆಸಿಟ್ಟ ಇನ್ನೊಂದು ಹುಲ್ಲುಕಡ್ಡಿ ತೆಗೆದು ಚೂರಿಯ ಬಾಯಿಗೆ ಹಿಡಿದಳು. ಹಸಿರು ಸಿಪ್ಪೆ ಸೀಳಿ ಒಂದು ಕಡೆ ಬಿತ್ತು. ಒಳಗಿನ ಬಿಳಿ ತಿರುಳು ಗೇಣುದ್ದ ಬಂದು, ಅದೂ ಕಡಿಯಿತು.

ಅವಳ ಬೆನ್ನ ಹಿಂದೆ ಶವಪೆಟ್ಟಿಗೆಯಲ್ಲಿ ಅತ್ತೆ ವೆನ್ ಅಜ್ಜಿ ಮಲಗಿದ್ದಳು. ತುಂಬು ವಯಸ್ಸಿನ ಸಾವು. ಇಂಥದ್ದನ್ನು ಆ ಕಣಿವೆಯಲ್ಲಿ ಬಿಳಿ ಹಬ್ಬ ಎನ್ನುತ್ತಾರೆ. ಅಂಗಳದಲ್ಲಿ ಹಂದಿಮಾಂಸ ಬೇಯುತ್ತಿತ್ತು, ಬಂದವರು ನಗುತ್ತಲೂ ಇದ್ದರು. ಆದರೆ ಪಾದದ ಬಳಿ ಈ ಹುಲ್ಲಿನ ತಿರುಳೇ ಬತ್ತಿಯಾದ ದೀಪ ಹತ್ತದೆ ಪೆಟ್ಟಿಗೆ ಏಳುವಂತಿಲ್ಲ. ಆಮೇಲೆ ಅದನ್ನು ಸಮಾಧಿಯವರೆಗೆ ಆರದಂತೆ ಒಯ್ಯಬೇಕು. ಅಜ್ಜಿಯೇ ಎಳೆದ ಬತ್ತಿಗಳು ತೊಲೆಯಲ್ಲಿ ಕಂತೆಕಂತೆಯಾಗಿ ತೂಗುತ್ತಿದ್ದವು. ಅವನ್ನು ಮುಟ್ಟುವ ಹಾಗಿಲ್ಲ. ತನ್ನ ಕೊನೆಯ ದಾರಿಗೆ ತಾನೇ ಬತ್ತಿ ಎಳೆದುಕೊಳ್ಳಬಾರದು, ಮನೆಯ ಸೊಸೆ ಎಳೆಯಬೇಕು.

"ಹತ್ತಿ ಬತ್ತಿ ಹಾಕಿಬಿಡೋಣ ಕಣೇ," ಅಂದ ಗಂಡ ಶೌಮಿನ್.

"ಹತ್ತಿಯಂತೆ ಹತ್ತಿ. ಜೀವಮಾನವಿಡೀ ಹುಲ್ಲು ಸುಲಿದವಳಿಗೆ?" ಅಜ್ಜಿಯ ತಂಗಿ ಗದರಿದಳು. "ಇಷ್ಟು ವರ್ಷ ಈ ಮನೆ ಅನ್ನ ತಿಂದು ನಿನ್ನ ಹೆಂಡತಿಗೆ ಒಂದು ಬತ್ತಿ ಎಳೆಯೋಕೆ ಬರಲಿಲ್ವಲ್ಲೋ."

ಲಾನ್‌ಫೆನ್‌ಗೆ ಕಣ್ಣು ತುಂಬಿತು. ಅತ್ತೆ ಹೋದ ದುಃಖಕ್ಕಲ್ಲ, ನಾಚಿಕೆಗೆ.

*

ಮದುವೆಯಾಗಿ ಬೆಟ್ಟದಿಂದ ಇಳಿದು ಬಂದಾಗ ಅವಳಿಗೆ ಗೊತ್ತಿದ್ದದ್ದು ಟೀ ಚಿಗುರು ಕೀಳುವುದೊಂದೇ. ಹುಲ್ಲಿನ ತಿರುಳನ್ನು ಎಷ್ಟು ಮೆಲ್ಲಗೆ ಎಳೆದರೂ ಕೊನೆಯಲ್ಲಿ ಬೆರಳು ತಾನಾಗಿ ಚಿವುಟುತ್ತಿತ್ತು.

"ನಿನ್ನ ಕೈಗೆ ಚಿವುಟೋದು ಬಿಟ್ರೆ ಇನ್ನೇನೂ ತಿಳಿಯೋದಿಲ್ಲ," ಎಂದು ಅತ್ತೆ ನಗುತ್ತಿದ್ದಳು. "ಹುಲ್ಲೇನು ಓಡಿಹೋಗುತ್ತಾ?"

"ಇನ್ನೊಂದು ಸಲ ತೋರಿಸಿ ಅತ್ತೆ."

"ಸಾಕು, ಏಳು. ಹೋಗಿ ಅನ್ನಕ್ಕಿಡು."

ಸಂಜೆ ಅವಳ ತುಂಡುಗಳನ್ನೆಲ್ಲ ಅತ್ತೆ ಬಳಿದು ಡಬ್ಬಿಗೆ ತುಂಬುತ್ತಿದ್ದಳು. ಒಲೆ ಹೊತ್ತಿಸಲು ಬೇಕೇನೋ ಎಂದುಕೊಂಡ ಲಾನ್‌ಫೆನ್ ಕೇಳುವುದಕ್ಕೇ ಹೋಗಲಿಲ್ಲ.

*

ಪಕ್ಕದ ಮನೆಯ ಪಾನ್ ತಾತ ಕೋಲೂರಿಕೊಂಡು ಬಂದು ಧೂಪ ಹಚ್ಚಿದ. ತಿರುಗುವಾಗ ಲಾನ್‌ಫೆನ್ ಸಿಪ್ಪೆಯ ಜೊತೆ ತುಂಡುಗಳನ್ನೂ ಗುಡಿಸುತ್ತಿದ್ದುದು ಕಂಡಿತು.

"ಅಯ್ಯೋ, ಎಸೀಬೇಡ ತಾಯಿ."

"ಬರೀ ತುಂಡು, ತಾತ."

"ತುಂಡೇ ಬೇಕು. ಹೋದ ಚಳಿಗಾಲ ನನಗೆ ಉಚ್ಚೆ ಕಟ್ಟಿ ಹೊಟ್ಟೆ ತಮಟೆ ಆಗಿತ್ತು. ನಿನ್ನತ್ತೆ ಇಂಥದೇ ಒಂದು ಹಿಡಿ ತಂದು ಕುದಿಸಿ ಕುಡಿಸಿದಳು. ಉದ್ದಂದು ದೀಪಕ್ಕೆ, ಕಷಾಯದ ಗಡಿಗೆಗೆ ನನ್ನ ಸೊಸೆ ಕೈಯದೇ ಆಗಬೇಕು ಅಂದಳು."

ಸೌಟು ಹಿಡಿದೇ ಒಳಗೆ ಬಂದ ಅಡುಗೆಯ ಹೆಂಗಸು ಬಾಯಿ ಹಾಕಿದಳು. "ನಮ್ಮ ಹುಡುಗೀಗೆ ಉರಿಮೂತ್ರ ಆದಾಗಲೂ ಅದನ್ನೇ ಕೊಟ್ಟಳು. ಪೂರಾ ಓಣಿ ಕುಡಿದಿದೆ."

"ಸೊಸೆಗೂ ಕೆಲಸ ಕಲಿಸಬಾರದೇನೇ ಅಂತ ಒಂದಿನ ನಾನೇ ಕೇಳಿದ್ದೆ," ಅಂದ ತಾತ. "ಕಲಿಸಿದರೆ ನೀವೆಲ್ಲ ಉಚ್ಚೆ ಕಟ್ಟಿ ಸಾಯ್ತೀರಿ ಅಂದುಬಿಟ್ಟಳು, ಮುದುಕಿ."

ಅಂಗಳದವರೆಗೂ ನಗೆ ಹಬ್ಬಿತು. ಗದರಿದ ತಂಗಿಯೂ ಅಂಗಿಯ ತೋಳಿಗೇ ಬಾಯಿ ಒರೆಸಿಕೊಂಡು ನಕ್ಕಳು. ಲಾನ್‌ಫೆನ್ ನಗಲಿಲ್ಲ. ಅವಳಿಗೆ ಈಗ ಅತ್ತೆ ಬೇಕೆನಿಸಿತು, ಬಹಳ ಬೇಕೆನಿಸಿತು. ಜೊತೆಗೇ, ಹೇಳಿಕೊಳ್ಳಲಾಗದಷ್ಟು ಖುಷಿಯೂ ಆಯಿತು.

ಅವಳು ತುಂಡುಗಳನ್ನು ಸಿಪ್ಪೆಯಿಂದ ಆರಿಸಿ ಅಂಗಿಯ ಜೇಬಿಗೆ ತುಂಬಿಕೊಂಡಳು.

"ಚಿಕ್ಕತ್ತೆ, ಇದೂ ಹುಲ್ಲಿಂದೇ, ನನ್ನ ಕೈಯದೇ. ಉದ್ದ ಇರಬೇಕು ಅಂತ ಯಾರು ಹೇಳಿದ್ದಾರೆ?"

"ದಾರಿ ಮಧ್ಯೆ ಆರಿಹೋದ್ರೆ?"

"ಆರೋಕೆ ಬಿಡಲ್ಲ."

ಚಿಕ್ಕತ್ತೆ ಅವಳನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಆಮೇಲೆ ತಾನೇ ಹೋಗಿ ಸಾಸಿವೆ ಎಣ್ಣೆಯ ಬಟ್ಟಲು ತಂದುಕೊಟ್ಟಳು.

ಕಹಳೆ ಊದಿದರು, ಪೆಟ್ಟಿಗೆ ಎದ್ದಿತು. ಗದ್ದೆಯ ಬದುವಿನ ಮೇಲೆ ಲಾನ್‌ಫೆನ್ ದೀಪ ಹಿಡಿದು ಮುಂದೆ, ಗಾಳಿಗೆ ಟೊಪ್ಪಿ ಅಡ್ಡ ಹಿಡಿದ ಪಾನ್ ತಾತ ಪಕ್ಕದಲ್ಲಿ. ತುಂಡು ಇನ್ನೇನು ಮುಗಿಯಬೇಕು ಅನ್ನುವಾಗ ಅವಳು ನಿಲ್ಲುತ್ತಿದ್ದಳು. ಅವಳು ನಿಂತರೆ ತಾತ ನಿಲ್ಲುತ್ತಿದ್ದ, ಪೆಟ್ಟಿಗೆ ನಿಲ್ಲುತ್ತಿತ್ತು, ಹಿಂದೆ ಬರುತ್ತಿದ್ದ ಓಣಿಯ ಜನವೆಲ್ಲ ನಿಲ್ಲುತ್ತಿತ್ತು. ಜೇಬಿನಿಂದ ಇನ್ನೊಂದು ತೆಗೆದು, ಎಣ್ಣೆಯಲ್ಲಿ ಅದ್ದಿ, ಉರಿಯುವ ತುದಿಗೆ ಮೆಲ್ಲಗೆ ತಾಗಿಸಿ, ಹತ್ತಿಕೊಂಡ ಮೇಲೆ ಅವಳು ಹೆಜ್ಜೆ ಎತ್ತುತ್ತಿದ್ದಳು.