ರೊಟ್ಟಿ ಹೊಡೆಯಲಿ

ಮುಕಾಶನ ಹಳೆಯ ವೋಲ್ಗಾ ಕಾರಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದದ್ದನ್ನೆಲ್ಲ ಬದಲಿಸಿ ಮತ್ತೆ ಕಟ್ಟಿಕೊಟ್ಟವನು ಶಾರ್ಶೆನ್. ಕೊಚ್ಕೋರ್ ಊರಿನಲ್ಲಿ ಅವನ ಕೈಗೆ ಒಳ್ಳೆಯ ಹೆಸರಿತ್ತು. ಶಾರ್ಶೆನ್ ಮುಟ್ಟಿದ ಇಂಜಿನ್ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ ಎನ್ನುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿಬಿಟ್ಟಿದ್ದ. ಹೊಗಳಿಕೆ ಮೈಗೆ ಹತ್ತಿದವನಿಗೆ ತನ್ನ ಕೆಲಸವನ್ನು ಎರಡನೆಯ ಸಲ ನೋಡುವ ಅಭ್ಯಾಸ ತಪ್ಪಿಹೋಗುತ್ತದೆ.

ಆ ಇಂಜಿನ್ ಈಗ ಬಡಿಯುತ್ತಿತ್ತು. ಮುಕಾಶನ ಹೆಂಡತಿ ಬುರುಲ್ಚಾ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು ಘಾಟಿ ದಾಟಿ ನರೀನ್ ಪಟ್ಟಣಕ್ಕೆ ಹೋಗಿ ಬಂದಿದ್ದಳು. ವಾಪಸು ಬರುವಾಗ ಏರಿನಲ್ಲಿ ಕಾರಿನ ಹೊಟ್ಟೆಯೊಳಗಿಂದ ಯಾರೋ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಸದ್ದು ಶುರುವಾಯಿತು. ಹೇಗೋ ಮನೆ ಮುಟ್ಟಿಸಿದಳು. ಮುಕಾಶ ಶಾರ್ಶೆನ್‌ನನ್ನು ಕರೆಸಿದ.

ಕರೆಸಿದವನನ್ನು ಮೊದಲು ನೆಲಕ್ಕೆ ಹಾಸಿದ ಊಟದ ಬಟ್ಟೆಯ ಮುಂದೆ ಕೂರಿಸಿದರು. ಕೂತ ಮೇಲೆ ಮುಕಾಶ ನಾಲಗೆ ಹರಿಬಿಟ್ಟ.

"ಹೊಸದಾಗಿ ಕಟ್ಟಿದ ಇಂಜಿನ್ನು, ಮಗೂನ ನಡೆಸಿದ ಹಾಗೆ ನಡೆಸ್ಬೇಕು ಅಂತ ಹೇಳಿದ್ನೋ ಇಲ್ವೋ? ಇವಳು ಕುದುರೆ ಪಂದ್ಯಕ್ಕೆ ಹೊರಟವಳ ಹಾಗೆ ಹೊಡ್ಕೊಂಡು ಹೋಗಿದಾಳೆ."

"ನಿಧಾನವಾಗೇ ಓಡಿಸ್ದೆ," ಎಂದಳು ಬುರುಲ್ಚಾ ಚಹಾ ಬಗ್ಗಿಸುತ್ತಾ.

"ಅಲ್ಲಿ ನಿಮ್ಮಮ್ಮ ನರಳ್ತಾ ಮಲಗಿದ್ರೆ, ನೀನು ನಿಧಾನವಾಗಿ ಓಡಿಸಿದ್ಯಾ? ಹೋಗು, ಈ ಕತೇನ ಕೊಟ್ಟಿಗೇಲಿರೋ ಕತ್ತೆಗೆ ಹೇಳು." ಆಮೇಲೆ ಅವನು ಶಾರ್ಶೆನ್ ಕಡೆ ತಿರುಗಿದ. "ತಪ್ಪು ತಿಳ್ಕೋಬೇಡ. ನಿನ್ನ ಕೈಯಲ್ಲೇನಾದ್ರೂ ಹೆಚ್ಚುಕಮ್ಮಿ ಆಗಿರಬಹುದಾ?"

ಶಾರ್ಶೆನ್‌ಗೆ ಸುರ್ರೆಂದು ಸಿಟ್ಟು ಬಂತು. "ಒಂದು ನಟ್ಟೂ ಸಡಿಲ ಬಿಟ್ಟಿಲ್ಲ. ಬಿಟ್ಟಿದ್ರೆ ರೊಟ್ಟಿ ಹೊಡೀಲಿ," ಎಂದು ಕೈಯಲ್ಲಿದ್ದ ರೊಟ್ಟಿಯನ್ನು ಎತ್ತಿ ತೋರಿಸಿದ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಆಣೆ ಇಡುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವೆಂದೇ ನಂಬಿದ್ದ.

ಮುಕಾಶ ಹೆಂಡತಿಯ ಮುಂದೆ ಕೈ ಚಾಚಿದ. ಅವಳು ಜೇಬಿನಿಂದ ಕಾರಿನ ಕೀಲಿ ತೆಗೆದು ಕೊಟ್ಟಳು. "ಇನ್ನು ನಿಮ್ಮಮ್ಮನ್ನ ನೋಡೋಕೆ ಕಾರು ಕೇಳ್ಬೇಡ," ಎಂದ.

ಮರುದಿನ ಬೆಳಗ್ಗೆ ಮುಕಾಶನ ಅಂಗಳದ ಶೆಡ್ಡಿನಲ್ಲೇ ಶಾರ್ಶೆನ್ ಕೆಲಸ ಹಿಡಿದ. ಸುಲಭದ್ದರಿಂದ ಶುರುಮಾಡಿದ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ, ಚೆನ್ನಾಗಿದ್ದವು. ಕಿಡಿ ಹೊತ್ತುವ ಹೊತ್ತನ್ನು ಹಿಂದೆ ಮುಂದೆ ಮಾಡಿದ, ಸದ್ದು ಜಗ್ಗಲಿಲ್ಲ. ವಾಲ್ವುಗಳ ಸಂದು ಅಳೆದ, ಅಲ್ಲೂ ತಪ್ಪಿಲ್ಲ. ಕೊನೆಗೆ ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತ. ಮೊದಲನೆಯದನ್ನು ಕಿತ್ತರೂ ಬಡಿತ ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಕಿತ್ತೊಡನೆ ಸದ್ದು ಮೆತ್ತಗಾಯಿತು.

ಹಾಗಾದರೆ ರೋಗ ಮೇಲಲ್ಲ, ತಳದಲ್ಲಿ. ಮೂರನೆಯ ಪಿಸ್ಟನ್ನಿನ ರಾಡು ತಿರುಗುವ ದಂಡವನ್ನು ಹಿಡಿಯುವ ಕಡೆ. ಶಾರ್ಶೆನ್‌ಗೆ ಇಂಜಿನ್ ಕಟ್ಟಿದ ದಿನ ಕಣ್ಣಿಗೆ ಕಟ್ಟಿತು.

ಅವತ್ತು ರಾಡಿನ ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಅಳತೆಯ ಸ್ಪಾನರಿನಲ್ಲಿ ಒಂದೊಂದಾಗಿ ಬಿಗಿದು, ಬಿಗಿದದ್ದಕ್ಕೆಲ್ಲ ತನ್ನ ಹೆಂಡತಿಯ ಕೆಂಪು ಉಗುರುಬಣ್ಣದ ಚುಕ್ಕೆ ಇಡುತ್ತಿದ್ದ. ಎರಡನೆಯದಕ್ಕೆ ಚುಕ್ಕೆ ಇಟ್ಟಾಗ ಬುರುಲ್ಚಾ ಬಾಗಿಲಲ್ಲಿ ನಿಂತು, "ಅಣ್ಣಾ, ಬಿಸಿ ರೊಟ್ಟಿ ತೆಗ್ದಿದೀನಿ, ಬಾಯಿಗಿಡಿ ಬನ್ನಿ," ಎಂದಳು. ರೊಟ್ಟಿಗೆ ಕರೆದರೆ ಒಂದು ಚೂರಾದರೂ ಬಾಯಿಗಿಡದೆ ಇರುವಂತಿಲ್ಲ. ಓಡುವ ಕುದುರೆ ಮೇಲಿದ್ದರೂ ಇಳಿದು ತಿನ್ನಬೇಕು. ಎದ್ದುಹೋದ. ಚೂರು ಹೋಗಿ ಅರ್ಧ ರೊಟ್ಟಿಯಾಯಿತು, ಕುದುರೆ ಹಾಲಿನ ಹುಳಿ ಕುಮಿಸ್ ಬಂತು, ಮುಕಾಶನ ಹರಟೆ ಬಂತು. ತಿರುಗಿ ಬಂದವನು ನಗುತ್ತಾ ನಾಲ್ಕನೆಯದಕ್ಕೆ ಸ್ಪಾನರು ಹಚ್ಚಿದ್ದ.

ಮೂರನೆಯದನ್ನು ಬಿಟ್ಟು ಹಚ್ಚಿದ್ದನೇ? ಇರಲಾರದು ಎಂದುಕೊಂಡ. ತಳ ಬಿಚ್ಚಿದರೆ ಒಂದೇ ಗಳಿಗೆಯಲ್ಲಿ ತಿಳಿಯುತ್ತಿತ್ತು. ಬಿಚ್ಚಲಿಲ್ಲ. ಪೆಟ್ರೋಲ್ ಬದಲಿಸಿದ, ಕಾರ್ಬುರೇಟರ್ ತೊಳೆದ, ಗಟ್ಟಿ ಆಯಿಲ್ ಸುರಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆ ಮನೆಯಲ್ಲಿ ಬರೆ ಬಿದ್ದದ್ದು ಬರೀ ಕಾರಿಗಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆಯಿಲ್ ಬಿಸಿಯಾದ ಮೇಲೆ ಬಡಿತ ಮತ್ತೆ ಬಂತು.

ದಿನವೂ ಬುರುಲ್ಚಾ ಊಟಕ್ಕೆ ಕರೆದಳು, ದಿನವೂ ಅವನು ತಿಂದ. ಒಂದು ಮಧ್ಯಾಹ್ನ ಅವಳು ಗೋಡೆಯಾಚೆ ಫೋನಿನಲ್ಲಿ ತಮ್ಮನೊಡನೆ ಮಾತಾಡುತ್ತಿದ್ದಳು. "ಬರ್ತೀನಿ ಅಂತ ಹೇಳು ಅಮ್ಮಂಗೆ... ಇಲ್ಲ ಕಣೋ, ಬಾಡಿಗೆ ಕಾರಲ್ಲಿ ಹೋಗೋಕೂ ಇವರು ಬಿಡಲ್ಲ. ಕೆಡಿಸಿದವಳು ಅನುಭವಿಸು ಅಂತಾರೆ." ಆಮೇಲೆ ಶೆಡ್ಡಿಗೆ ಬಂದು ಚಹಾ ಇಟ್ಟು ಅಲ್ಲೇ ನಿಂತಳು.

"ಅಣ್ಣಾ, ನಾನೇನಾದ್ರೂ ಏರಲ್ಲಿ ತಪ್ಪು ಗೇರ್ ಹಾಕಿದ್ನಾ? ಯೋಚಿಸಿ ಯೋಚಿಸಿ ನಂಗೆ ನನ್ನ ಮೇಲೇ ಅನುಮಾನ ಬರ್ತಿದೆ."

ಶಾರ್ಶೆನ್ ಬಗ್ಗಿ, ತೊಳೆದಿದ್ದ ಕಾರ್ಬುರೇಟರನ್ನೇ ಮತ್ತೆ ಒರೆಸತೊಡಗಿದ. ಗಂಡ ಬೈದದ್ದನ್ನು ಅವಳು ನುಂಗಿಕೊಂಡಿದ್ದಳು, ಈಗ ನಂಬತೊಡಗಿದ್ದಳು. ಅವಳು ಹೋದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವತ್ತೇ ಕಾರಿನಡಿಯ ಗುಂಡಿಗೆ ಇಳಿದ. ಆಯಿಲ್ ಬಸಿದರೆ ಅದರಲ್ಲಿ ಲೋಹದ ಪುಡಿ ಮಿನುಗಿತು. ತಳದ ಬಟ್ಟಲು ಇಳಿಸಿ ಬೆಳಕು ಹಿಡಿದ. ಒಂದನೆಯ, ಎರಡನೆಯ, ನಾಲ್ಕನೆಯ ರಾಡಿನ ನಟ್ಟುಗಳಿಗೆ ಕೆಂಪು ಚುಕ್ಕೆಯಿತ್ತು. ಮೂರನೆಯದಕ್ಕೆ ಇರಲಿಲ್ಲ. ನಟ್ಟು ಬೆರಳಿಗೇ ತಿರುಗಿತು.

ಒಳಗಿನ ಬೇರಿಂಗ್ ಸವೆದು ಹಾಳಾಗಿತ್ತು. ದಂಡಕ್ಕೆ ಮಾತ್ರ ಮೇಲುಮೇಲಿನ ಗೀರು. ಶಾರ್ಶೆನ್ ಅದನ್ನೇ ನೋಡುತ್ತಾ ನಿಂತ. ಇಷ್ಟು ಸಡಿಲದಲ್ಲಿ ಜೋರಾಗಿ ಓಡಿಸಿದ್ದರೆ ನಟ್ಟು ಕಳಚಿ, ರಾಡು ಇಂಜಿನ್ನಿನ ಗೋಡೆ ಒಡೆದು ಹೊರಗೆ ಬರಬೇಕಿತ್ತು, ಅದೂ ಘಾಟಿಯ ತಿರುವಿನಲ್ಲಿ. ಇಂಜಿನ್ ಉಳಿದದ್ದೇ ಅವಳು ಓಡಿಸಿದ ರೀತಿಯಿಂದ.

ಪೇಟೆಯಿಂದ ಹೊಸ ಬೇರಿಂಗ್ ತಂದು, ದಂಡವನ್ನು ನಯವಾಗಿ ಉಜ್ಜಿ, ನಟ್ಟುಗಳನ್ನು ಅಳತೆಗೆ ಬಿಗಿದ. ಜೇಬಿನಲ್ಲಿ ಉಗುರುಬಣ್ಣದ ಶೀಶೆಯಿತ್ತು. ಚುಕ್ಕೆ ಇಟ್ಟು ತಳ ಮುಚ್ಚಿದರೆ ಮುಗಿಯಿತು, ಬ್ರಹ್ಮ ಬಂದರೂ ಕಂಡುಹಿಡಿಯಲಾರ. ಚುಕ್ಕೆ ಇಟ್ಟ, ತಳ ಮುಚ್ಚಿದ.

ಇಂಜಿನ್ ಹದವಾಗಿ ಗುನುಗಿತು. ಮುಕಾಶ ಕಿವಿಗೊಟ್ಟು ಕೇಳಿ, "ಏನಾಗಿತ್ತೋ?" ಎಂದ.

"ಮೂರನೇ ಬೇರಿಂಗ್ ಹೋಗಿತ್ತು."

"ನಾ ಹೇಳ್ಲಿಲ್ವಾ? ಓಡಿಸಿ ಓಡಿಸಿ ಸುಟ್ಟಾಕಿದಾಳೆ," ಎಂದು ಮುಕಾಶ ಖುಷಿಯಲ್ಲಿ ಅವನನ್ನು ಊಟಕ್ಕೆ ಎಳೆದುಕೊಂಡು ಹೋದ.

ಬುರುಲ್ಚಾ ರೊಟ್ಟಿ ಮುರಿದು ಮುಂದಿಟ್ಟಳು. ಶಾರ್ಶೆನ್ ಮುಟ್ಟಲಿಲ್ಲ.

"ಬಾಯಿಗಿಡೋ," ಎಂದ ಮುಕಾಶ. "ರೊಟ್ಟಿ ಮೇಲೆ ಯಾಕೋ ಮುನಿಸು?"

"ನಟ್ಟು ಸಡಿಲ ಇತ್ತು," ಎಂದ ಶಾರ್ಶೆನ್. "ನಾನೇ ಬಿಗಿದಿರ್ಲಿಲ್ಲ. ಮಧ್ಯೆ ಊಟಕ್ಕೆ ಎದ್ದೆ, ಬಂದು ಮರೆತೆ. ಇವಳು ಜೋರಾಗಿ ಓಡಿಸಿದ್ರೆ ಘಾಟೀಲಿ ಇಂಜಿನ್ ಸಿಡಿದು ಹೋಗಿರೋದು."

ಮುಕಾಶ ಬಟ್ಟಲು ಕೆಳಗಿಟ್ಟ. "ನೀನು ಆಣೆ ಇಟ್ಟಿದ್ದೆ."

"ಇಟ್ಟಿದ್ದೆ."

"ಯಾವಾಗ ಗೊತ್ತಾಯ್ತು?"

"ಮಾರನೇ ದಿನಾನೇ."

ಬುರುಲ್ಚಾ ತಲೆ ಎತ್ತಿ ಅವನನ್ನು ನೋಡಿದಳು. "ಮಾರನೇ ದಿನಾನೇ ಗೊತ್ತಿತ್ತಾ? ಆಮೇಲೂ ದಿನಾ ಬಂದು ನನ್ನ ರೊಟ್ಟಿ ತಿಂದ್ರಲ್ಲ," ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಸುಮ್ಮನೆ, ತಿಳಿದುಕೊಳ್ಳಲು ಕೇಳಿದಂತೆ ಕೇಳಿದ್ದಳು.

ಮುಕಾಶನ ಬಾಯಿಂದಲೂ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಹುಟ್ಟಾ ಬಿಗುಮಾನದವನು. ಜೇಬಿನಿಂದ ಕೀಲಿ ತೆಗೆದು ಊಟದ ಬಟ್ಟೆಯ ಮೇಲೆ ಅವಳ ಕಡೆ ಸರಿಸಿ, ಕಿಟಕಿಯಾಚೆ ನೋಡುತ್ತಾ ಕೂತ.

ಅವಳು ತಾಯಿಗೆಂದು ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಶಾರ್ಶೆನ್ ಹಿಂದೆಯೇ ಅಂಗಳಕ್ಕೆ ಹೋದ. ಏನಾದರೂ ಹೇಳಬೇಕೆನಿಸಿತು, ಇಷ್ಟು ವರ್ಷ ಎಲ್ಲರಿಗೂ ಹೇಳಿದ ಮಾತೇ ನಾಲಗೆಗೆ ಬಂತು.

"ತಂಗೀ, ಹೊಸ ಬೇರಿಂಗು. ಏರಲ್ಲಿ ಸ್ವಲ್ಪ ನಿಧಾನವಾಗಿ ಓಡ್ಸು."

ಬುರುಲ್ಚಾ ಬಾಗಿಲು ಹಾಕಿಕೊಂಡು ಗಾಜು ಇಳಿಸಿದಳು.

"ಅವತ್ತೂ ನಿಧಾನವಾಗೇ ಓಡಿಸಿದ್ದೆ," ಎಂದಳು.

ಶಾರ್ಶೆನ್ ಗೇಟು ತೆರೆದು ಪಕ್ಕಕ್ಕೆ ಸರಿದು ನಿಂತ.